ಕ್ಲಾರ್ಕ್‌ಸನ್ ಹೋದ ಮೇಲಿನ ಟಾಪ್ ಗೇರ್: ಮೂರು ತಂಡ, ಒಂದು ಡೇರೆ

ಬಿಬಿಸಿಯ ಕಾರಿನ ಟಿವಿ ಕಾರ್ಯಕ್ರಮ ಟಾಪ್ ಗೇರ್ ಎಂದರೆ ಅದರ ನಿರೂಪಕರಾದ ಜೆರೆಮಿ ಕ್ಲಾರ್ಕ್‌ಸನ್, ರಿಚರ್ಡ್ ಹ್ಯಾಮಂಡ್, ಜೇಮ್ಸ್ ಮೇ. ಮಿಕ್ಕವರೆಲ್ಲ ಬಂದು ಹೋದವರು ಎಂದು ವಾದಿಸುವವರಿಗೆ ನಾನು ಮೊದಲು ಹೇಳುವುದು ಜೇಸನ್ ಡಾವ್ ಅವರ ಹೆಸರು. ಬಿಬಿಸಿ 2002ರಲ್ಲಿ ಈ ಕಾರ್ಯಕ್ರಮವನ್ನು ಹೊಸದಾಗಿ ಕಟ್ಟಿದಾಗ ಮೂರನೆಯ ಕುರ್ಚಿಯಲ್ಲಿ ಕೂತಿದ್ದವರು ಮೇ ಅಲ್ಲ, ಸೆಕೆಂಡ್ ಹ್ಯಾಂಡ್ ಕಾರುಗಳ ಒಳಹೊರಗು ಬಲ್ಲ ಡಾವ್. ಒಂದೇ ಸರಣಿಗೆ ಅವರ ಕೆಲಸ ಮುಗಿಯಿತು. ಮರುವರ್ಷ ಮೇ ಬಂದರು. ಜಗತ್ತು ಕೊಂಡಾಡಿದ ತ್ರಿಮೂರ್ತಿಗಳ ಕೂಟವೇ ಒಬ್ಬರನ್ನು ಬದಲಿಸಿ ಆದದ್ದು.

ಹಾಗಿದ್ದೂ 2015ರಲ್ಲಿ ಬದಲಿಸುವುದು ಬಿಬಿಸಿಗೆ ದೊಡ್ಡ ತಲೆನೋವಾಯಿತು. ಯಾರ್ಕ್‌ಷೈರ್‌ನ ಹೋಟೆಲೊಂದರಲ್ಲಿ ಬಿಸಿ ಊಟ ಸಿಗಲಿಲ್ಲವೆಂಬ ಸಿಟ್ಟಿಗೆ ಕ್ಲಾರ್ಕ್‌ಸನ್ ತಮ್ಮದೇ ಕಾರ್ಯಕ್ರಮದ ನಿರ್ಮಾಪಕರ ಮೇಲೆ ಕೈಮಾಡಿದರು. ಮಾರ್ಚ್ ಮುಗಿಯುವುದರೊಳಗೆ ಅವರ ಒಪ್ಪಂದ ನವೀಕರಿಸುವುದಿಲ್ಲವೆಂದು ಬಿಬಿಸಿ ಸಾರಿತು. ಹ್ಯಾಮಂಡ್ ಮತ್ತು ಮೇ ಕೂಡ ಹೊರಟರು. ಅಲ್ಲಿಂದಾಚೆಗೆ ನೋಡುಗರ ಮುಂದೆ ನಾಲ್ಕು ದಾರಿಗಳಿದ್ದವು. ಬಿಬಿಸಿ ಒಂದಾದ ಮೇಲೊಂದು ಕಟ್ಟಿದ ಮೂರು ತಂಡಗಳು, ಇಲ್ಲವೇ ಹಳಬರನ್ನೇ ಹಿಂಬಾಲಿಸಿ ಅಮೆಜಾನ್‌ನ 'ದಿ ಗ್ರ್ಯಾಂಡ್ ಟೂರ್'. ಈ ಮಳೆಗಾಲದ ಸಂಜೆಗಳಲ್ಲಿ ನಾಲ್ಕನ್ನೂ ಮತ್ತೆ ನೋಡಿದೆ. ಜೊತೆಗೆ ಇಬ್ಬರು ತೀರ್ಪುಗಾರರು: ಕಾರುಗಳ ವರ್ಕ್‌ಶಾಪ್‌ನಲ್ಲಿ ದುಡಿಯುವ ತಮ್ಮ, ಮತ್ತು ಕಾರು ಊರು ಮುಟ್ಟಿಸಿದರೆ ಸಾಕೆನ್ನುವ ಹೆಂಡತಿ. ನನ್ನ ಪರೀಕ್ಷೆ ಇಷ್ಟೇ. ಆಗಾಗ ಟಿವಿಯ ಧ್ವನಿ ನಿಲ್ಲಿಸುತ್ತಿದ್ದೆ. ಮಾತು ಕೇಳದಿದ್ದಾಗಲೂ ಈ ಮೂವರಿಗೆ ಒಬ್ಬರ ಸಂಗಡ ಒಬ್ಬರಿಗೆ ಒಡನಾಟವಿದೆ ಎಂದು ಮುಖ ನೋಡಿ ತಿಳಿಯಬೇಕು.

ಮೊದಲ ತಂಡ ಕ್ರಿಸ್ ಎವನ್ಸ್ ಅವರದು. ರೇಡಿಯೊದಲ್ಲಿ ದೊಡ್ಡ ಹೆಸರು, ಮನೆಯಲ್ಲಿ ಫೆರಾರಿಗಳು, ಮಾತಿಗೆ ಬರವಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ. 2016ರ ಮೇ 29ರ ಮೊದಲ ಕಂತಿಗೆ 44 ಲಕ್ಷ ಜನ ಕೂತರು. ಜುಲೈ 3ರ ಆರನೆಯ ಕಂತಿಗೆ ಉಳಿದವರು 19 ಲಕ್ಷ. ಮರುದಿನವೇ ಎವನ್ಸ್ ರಾಜೀನಾಮೆ ಕೊಟ್ಟರು. ಈಗ ನೋಡಿದರೆ ಕಾರಣ ಹುಡುಕಬೇಕಿಲ್ಲ. ಪ್ರತಿ ವಾಕ್ಯದ ಕೊನೆಯನ್ನೂ ಎತ್ತಿ ಕೂಗುವುದು, ಕ್ಲಾರ್ಕ್‌ಸನ್ ಅವರಂತೆಯೇ ನಡುವೆ ತಡೆದು ನಿಲ್ಲುವುದು, ಆ ತಡೆತಕ್ಕೆ ಕಾದಿದ್ದಂತೆ ಸ್ಟುಡಿಯೊ ನಗುವುದು. "ಇವರು ಯಾಕೆ ಜಗಳಕ್ಕೆ ಬಂದವರ ಹಾಗೆ ಕೂಗುತ್ತಾರೆ?" ಎಂದಳು ಹೆಂಡತಿ. ಧ್ವನಿ ನಿಲ್ಲಿಸಿದರೆ ಇನ್ನೂ ಕಷ್ಟ. ಎವನ್ಸ್ ಮತ್ತು ಸಹನಿರೂಪಕ ಮ್ಯಾಟ್ ಲೆಬ್ಲಾಂಕ್ ಪಕ್ಕಪಕ್ಕ ನಿಂತಾಗ, ಮದುವೆ ಚಪ್ಪರದಲ್ಲಿ ಮೊದಲ ಸಲ ಎದುರಾದ ಬೀಗರ ನಗು ಇಬ್ಬರ ಮುಖದಲ್ಲೂ. ಎವನ್ಸ್ ಅವರಲ್ಲದೆ ಲೆಬ್ಲಾಂಕ್, ಕ್ರಿಸ್ ಹ್ಯಾರಿಸ್ ಸೇರಿ ಇನ್ನೂ ಐವರಿದ್ದ ಆ ತಂಡದಲ್ಲಿ ಯಾರಿಗೂ ಕಾಲೂರಲು ಜಾಗವಿರಲಿಲ್ಲ.

ಆದರೂ ಆ ಸರಣಿಯ ಒಂದು ತುಣುಕು ನನಗೆ ಇಷ್ಟ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಟ್ರ್ಯಾಕ್‌ನಲ್ಲಿ ಅದೇ ತಂಡದ, ಜರ್ಮನಿಯ ರೇಸ್ ಚಾಲಕಿ ಸಬೀನ್ ಶ್ಮಿಟ್ಸ್ ಆಡಿ ಆರ್8 ಓಡಿಸುತ್ತಾರೆ, ಪಕ್ಕದಲ್ಲಿ ಎವನ್ಸ್. ಸಬೀನ್ ನಗುನಗುತ್ತಲೇ ತಿರುವುಗಳನ್ನು ದಾಟಿಸುತ್ತಾರೆ. ಎವನ್ಸ್ ಮುಖ ಬಿಳುಚಿ, ಕೊನೆಗೆ ವಾಂತಿ. ಇಡೀ ಸರಣಿಯಲ್ಲಿ ಅವರು ಯಾರನ್ನೂ ಅನುಕರಿಸದೆ ತಾವೇ ಆಗಿದ್ದದ್ದು ಆ ಹೊತ್ತಿನಲ್ಲಿ. ಸಬೀನ್ 2021ರಲ್ಲಿ ತೀರಿಕೊಂಡರು. ಅವರಿಗೆ ಇನ್ನಷ್ಟು ಕಂತುಗಳನ್ನು ಕೊಡದೆ ಹೋದದ್ದಕ್ಕೆ ಬಿಬಿಸಿಯ ಮೇಲೆ ನನಗಿನ್ನೂ ಸಿಟ್ಟಿದೆ.

ಎರಡನೆಯದು 2017ರಿಂದ ಲೆಬ್ಲಾಂಕ್, ಕ್ರಿಸ್ ಹ್ಯಾರಿಸ್, ರೋರಿ ರೀಡ್ ಇದ್ದ ತಂಡ. 'ಫ್ರೆಂಡ್ಸ್' ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯ ಜೋಯಿ ಬ್ರಿಟಿಷರ ಕಾರಿನ ಕಾರ್ಯಕ್ರಮದಲ್ಲೇನು ಮಾಡುತ್ತಾನೆ ಎಂದು ಗೊಣಗಿದವರು ಬಹಳ. ಆದರೆ ಲೆಬ್ಲಾಂಕ್ ನಟ. ಸುಮ್ಮನಿರುವುದರಲ್ಲೂ ಒಂದು ಕಸುಬಿದೆ ಎಂದು ಬಲ್ಲವರು. ಎವನ್ಸ್ ಹತ್ತು ಮಾತಿನಲ್ಲಿ ತರಲಾಗದ ನಗುವನ್ನು ಅವರು ಹುಬ್ಬು ಅಲುಗಿಸದೆ ತರುತ್ತಿದ್ದರು. ಯಾರಿಗೂ ಗೊತ್ತಿಲ್ಲದವರಿಂದ 30 ಸೆಕೆಂಡಿನ ವಿಡಿಯೊ ಕೇಳಿ ನಡೆಸಿದ ಮುಕ್ತ ಆಯ್ಕೆಯಲ್ಲಿ ಗೆದ್ದು ಬಂದವರು ರೀಡ್. ಹ್ಯಾರಿಸ್ ಅವರು ಕಾರಿನ ಪತ್ರಕರ್ತ, ಯೂಟ್ಯೂಬ್‌ನಲ್ಲಿ ಆಗಲೇ ಹೆಸರು ಮಾಡಿದ್ದವರು.

ಲಕ್ಷಾಂತರ ಮೈಲಿ ಓಡಿ ಸವೆದ ವಾಹನಗಳಲ್ಲಿ ಮೂವರೂ ಕಜಕಸ್ತಾನದ ಬಯಲು ದಾಟಿ ಬೈಕನೂರ್ ಬಾಹ್ಯಾಕಾಶ ಕೇಂದ್ರಕ್ಕೆ ಹೋಗುವ ಕಂತೊಂದಿದೆ. ಲೆಬ್ಲಾಂಕ್ ಅವರದು ಲಂಡನ್ನಿನ ಕರಿ ಟ್ಯಾಕ್ಸಿ. ಧೂಳು, ಗುಂಡಿ, ಕೆಟ್ಟು ನಿಂತ ಗಾಡಿ. ಯಾರೂ ಹಾಸ್ಯಕ್ಕಾಗಿ ತಡಕಾಡುವುದಿಲ್ಲ. ಹ್ಯಾರಿಸ್ ಕಾರೊಂದನ್ನು ಟ್ರ್ಯಾಕ್‌ಗೆ ಇಳಿಸಿದರೆ ಹಿಂದಿನ ಚಕ್ರ ಜಾರುತ್ತಿರುವಾಗಲೇ ಸ್ಟಿಯರಿಂಗ್ ಏನು ಹೇಳುತ್ತಿದೆ, ತೂಕ ಯಾವ ಕಡೆ ವಾಲುತ್ತಿದೆ ಎಂದು ಉಸಿರು ಕಟ್ಟದೆ ವಿವರಿಸುತ್ತಾರೆ. ತಮ್ಮ ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದವನು ಅದನ್ನು ಕೆಳಗಿಟ್ಟ. "ಅಣ್ಣಾ, ಇವರಿಗೆ ನಿಜವಾಗಿ ಕಾರು ಗೊತ್ತು" ಎಂದ. ಕ್ಲಾರ್ಕ್‌ಸನ್ ಕಾಲದಲ್ಲಿ ಗೊತ್ತಿರುವುದನ್ನು ಬಚ್ಚಿಟ್ಟು ಹುಡುಗಾಟ ಆಡುವುದೇ ಮಾದರಿಯಾಗಿತ್ತು. ಇಲ್ಲಿ ತಿಳಿದದ್ದನ್ನು ಹೇಳಲು ಸಂಕೋಚವಿಲ್ಲ. ಹೆಂಡತಿ ಮಾತ್ರ ಸ್ಟುಡಿಯೊ ಭಾಗ ಬಂದಾಗಲೆಲ್ಲ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಅದೂ ನ್ಯಾಯವೇ. ಮೂವರೂ ಒಳ್ಳೆಯ ಸಹೋದ್ಯೋಗಿಗಳಂತೆ ಕಾಣುತ್ತಾರೆ, ಕಚೇರಿ ಮುಗಿದ ಮೇಲೆ ಒಟ್ಟಿಗೆ ಚಹಾ ಕುಡಿಯುವವರಂತೆ ಕಾಣುವುದಿಲ್ಲ.

ಆ ಕೊರತೆ ತುಂಬಿದ್ದು 2019ರಲ್ಲಿ ಬಂದ ಮೂರನೆಯ ತಂಡ: ಹಾಸ್ಯಗಾರ ಪ್ಯಾಡಿ ಮೆಕ್‌ಗಿನ್ನೆಸ್, ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್, ಮತ್ತದೇ ಹ್ಯಾರಿಸ್. ಫ್ಲಿಂಟಾಫ್ ಅವರನ್ನು ನಮಗೆ ಪರಿಚಯಿಸಬೇಕಿಲ್ಲ. 2002ರ ಫೆಬ್ರುವರಿಯಲ್ಲಿ ವಾಂಖೆಡೆಯ ಕೊನೆಯ ಓವರ್‌ನಲ್ಲಿ ನಮ್ಮ ಕುಂಬ್ಳೆಯವರನ್ನು ರನ್ ಔಟ್ ಮಾಡಿ, ಬೆನ್ನಿಗೇ ಶ್ರೀನಾಥ್ ಅವರ ವಿಕೆಟ್ ಕಿತ್ತು, ಅಂಗಿ ಕಳಚಿ ಓಡಿದ ಆಸಾಮಿ. ಆ ಹಳೆಯ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡೇ ನೋಡಲು ಕೂತೆ, ಮೊದಲ ಕಂತಿಗೇ ಸೋತೆ. ಮೂವರೂ ತಾವು ಮೊದಲು ಕೊಂಡಂಥ ಕಾರುಗಳನ್ನೇ ಇಥಿಯೋಪಿಯಾಕ್ಕೆ ಒಯ್ಯುತ್ತಾರೆ. ಲ್ಯಾಂಕಾಷೈರ್‌ನ ಇಬ್ಬರೂ ಸೇರಿ ಹ್ಯಾರಿಸ್ ಅವರ ಕಾಲೆಳೆಯುತ್ತಾರೆ. ಅವರು ಮುನಿಸಿಕೊಂಡು ಮೂಲೆ ಸೇರುತ್ತಾರೆ. ಧ್ವನಿ ನಿಲ್ಲಿಸಿದರೂ ಯಾರು ಯಾರನ್ನು ಕೆಣಕಿದರು ಎಂದು ಹೇಳಬಹುದು. ಹೆಂಡತಿ ಎದ್ದು ಹೋಗದ ತಂಡ ಇದೊಂದೇ. ಕಾರ್ಯಕ್ರಮ ಬಿಬಿಸಿ ಟೂದಿಂದ ಬಿಬಿಸಿ ಒನ್‌ಗೆ ಬಡ್ತಿ ಪಡೆದದ್ದೂ ಇವರ ಕಾಲದಲ್ಲಿ, 2020ರಲ್ಲಿ.

ಆದರೆ ಈ ತಂಡದಲ್ಲಿ ನನಗೆ ಒಪ್ಪಿಗೆಯಾಗದ್ದು ಸಾಹಸದ ಹಸಿವು. ಸ್ವಿಟ್ಜರ್ಲೆಂಡ್‌ನ ವೆರ್ಜಾಸ್ಕಾ ಅಣೆಕಟ್ಟಿನ ಮೇಲಿಂದ ರೋವರ್ ಮೆಟ್ರೊ ಎಂಬ ಹಳೆಯ ಪುಟ್ಟ ಕಾರಿನಲ್ಲಿ ಫ್ಲಿಂಟಾಫ್ ಅವರನ್ನು ಕೂರಿಸಿ, ಹಗ್ಗ ಕಟ್ಟಿ ಕೆಳಗೆ ಬಿಡುತ್ತಾರೆ. ಕಾರಿನ ಬಗ್ಗೆ ಅದರಿಂದ ಏನು ತಿಳಿಯಿತು? ಏನೂ ಇಲ್ಲ. ಮಾತಿನ ಚಾಳಿಗೆ ಬದಲಾಗಿ ಮೈಯೊಡ್ಡುವ ಚಾಳಿ ಬಂತು. 2022ರ ಡಿಸೆಂಬರ್‌ನಲ್ಲಿ ಡನ್ಸ್‌ಫೋಲ್ಡ್ ಟ್ರ್ಯಾಕ್‌ನಲ್ಲಿ ಮೂರು ಚಕ್ರದ ತೆರೆದ ಮಾರ್ಗನ್ ಕಾರು ಮಗುಚಿ ಫ್ಲಿಂಟಾಫ್ ಮುಖಕ್ಕೆ ತೀವ್ರ ಗಾಯವಾಯಿತು. 2023ರ ನವೆಂಬರ್‌ನಲ್ಲಿ ಕಾರ್ಯಕ್ರಮಕ್ಕೆ ಅನಿರ್ದಿಷ್ಟ ವಿರಾಮವೆಂದು ಬಿಬಿಸಿ ಪ್ರಕಟಿಸಿತು. ಅದನ್ನು ತಿಳಿದು ಈಗ ಈ ಕಂತುಗಳನ್ನು ನೋಡುವಾಗ ಕೆಲವು ನಗು ಗಂಟಲಲ್ಲೇ ನಿಲ್ಲುತ್ತದೆ.

ಇನ್ನು ಅಮೆಜಾನ್‌ನ ಡೇರೆ. ಮೂವರು ಹಳಬರೂ ಇದ್ದಾರೆ, ಹಣವಿದೆ. 2016ರ ನವೆಂಬರ್‌ನಿಂದ ಸ್ಟುಡಿಯೊ ಬದಲು ಊರೂರಿಗೆ ಡೇರೆ ಹೊತ್ತು ತಿರುಗಿದರು. ಟಾಪ್ ಗೇರ್‌ನ, ಹೆಲ್ಮೆಟ್ ತೆಗೆಯದ ಅನಾಮಿಕ ಚಾಲಕ ಸ್ಟಿಗ್ ಇಲ್ಲ, ಅತಿಥಿಗಳು ಅಗ್ಗದ ಕಾರು ಓಡಿಸುವ ಭಾಗವೂ ಇಲ್ಲ. ಅದರ ಬದಲು, ಡೇರೆಗೆ ಬರುವ ಅತಿಥಿ ದಾರಿಯಲ್ಲೇ ಸಾಯುವ ಒಂದು ಚೇಷ್ಟೆಯನ್ನು ಮೊದಲ ಸರಣಿಯ ಉದ್ದಕ್ಕೂ ಎಳೆದರು. ಮೊದಲ ಸಲವೇ ನಗು ಬರಲಿಲ್ಲ. ಹಳಬರೇ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಆ ಡೇರೆಯ ಭಾಗಗಳನ್ನು ಒಮ್ಮೆ ನೋಡಬೇಕು. ಡೇರೆ ಕಿತ್ತ ಮೇಲಿನ ಪ್ರವಾಸಗಳು, ಅದಕ್ಕೂ ಮೊದಲಿನ ಮಂಗೋಲಿಯಾ ಕಂತು ಬೇರೆಯೇ ಮಾತು. ಬಿಡಿಭಾಗಗಳನ್ನು ಜೋಡಿಸಿ ಒಂದೇ ವಾಹನ ಮಾಡಿಕೊಂಡು, ಬಯಲಿನಲ್ಲಿ ಮೂವರೂ ಒಬ್ಬರನ್ನೊಬ್ಬರು ಸಹಿಸಬೇಕಾದ ಆ ಕಂತು ನನ್ನ ಧ್ವನಿಯಿಲ್ಲದ ಪರೀಕ್ಷೆಯಲ್ಲಿ ಎಲ್ಲರನ್ನೂ ಮೀರಿಸಿತು. ಹಾಗೆಂದು ಹಳಬರನ್ನು ತಲೆಯ ಮೇಲೆ ಹೊತ್ತುಕೊಳ್ಳಲಾರೆ. ಜಾಗ್ವಾರ್ ಹಿಂಬದಿಗೆ ಶೌಚದ ಆಸನ ಕಟ್ಟಿ ಭಾರತದಲ್ಲಿ ಓಡಿಸಿದ 2011ರ ಕಂತಿಗೆ ನಮ್ಮ ಹೈಕಮಿಷನ್ ದೂರು ಕೊಟ್ಟದ್ದು ನೆನಪಿದೆ. ಅದು ಇಂದಿಗೂ ಹಳಸಲು ಜೋಕೇ.

ನಾಲ್ಕನ್ನೂ ಎದುರುಬದುರಿಟ್ಟಾಗ ಕಣ್ಣಿಗೆ ಬಿದ್ದ ಸಂಗತಿ, ಬಿಬಿಸಿಯ ಮೂರು ತಂಡಗಳಲ್ಲೂ ಉಳಿದವರು ಹ್ಯಾರಿಸ್ ಒಬ್ಬರೇ. ಕ್ಲಾರ್ಕ್‌ಸನ್ ಅವರ ಉತ್ತರಾಧಿಕಾರಿ ಯಾರೆಂದು ಪತ್ರಿಕೆಗಳು ಹುಡುಕುತ್ತಿದ್ದಾಗ ಅವರು ಸದ್ದಿಲ್ಲದೆ ಕಾರು ಓಡಿಸುತ್ತಿದ್ದರು. ಕ್ಲಾರ್ಕ್‌ಸನ್ ಅವರ ಅಂಗಿ ತೊಟ್ಟ ಎವನ್ಸ್ ಆರು ವಾರಕ್ಕೆ ಸೋತರು. ತಮ್ಮದೇ ಅಂಗಿಯಲ್ಲಿ ಬಂದವರು ಬಾಳಿದರು.

ಕಾರಿನ ಹುಚ್ಚಿದ್ದವರು 2017ರ ಸರಣಿಯಿಂದ ಶುರುಮಾಡಿ. ಮನೆಮಂದಿಯೊಡನೆ ಕೂರುವುದಾದರೆ ಇಥಿಯೋಪಿಯಾ ಕಂತು. ಗ್ರ್ಯಾಂಡ್ ಟೂರ್‌ನಲ್ಲಿ ಡೇರೆ ಕಂಡ ಕೂಡಲೇ ಮುಂದಕ್ಕೆ ಓಡಿಸಿ. ಎವನ್ಸ್ ಸರಣಿಯಲ್ಲಿ ಲಗೂನಾ ಸೆಕಾ ತುಣುಕು ಸಾಕು. ತಮ್ಮನದು ಬೇರೆ ಮತ: ಯಾವ ತಂಡವೂ ಬೇಡ, ಹ್ಯಾರಿಸ್ ಒಬ್ಬರಿಗೇ ಒಂದು ಗಂಟೆ ಕೊಟ್ಟುಬಿಡಲಿ ಎನ್ನುತ್ತಾನೆ.