ಜರ್ಮೇನಿಯಂ ಫಝ್ ಪೆಡಲ್: ಚಳಿಗಾಲಕ್ಕೆ ಐದು ಸ್ಟಾರ್, ಬೇಸಿಗೆಗೆ ಎರಡು

ಕೊಂಡ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಕೊಟ್ಟು ಮುಗಿಸುತ್ತಿದ್ದೆ. ಈಗ ಚಳಿಗಾಲ, ಬೇಸಿಗೆ ಎರಡೂ ನೋಡಿಯಾಗಿದೆ. ನಡುವೆ ಬೆಂಗಳೂರಿಂದ ಕಲಬುರಗಿಗೆ ವರ್ಗವೂ ಆಯಿತು. ಹಾಗಾಗಿ ಹೇಳೋದು ಜಾಸ್ತಿ ಇದೆ.

ಫಝ್ ಪೆಡಲ್ ಅಂದರೆ ಕಾಲಲ್ಲಿ ಒತ್ತಿ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಒಡೆದು ಒರಟು ಮಾಡುವ ಪೆಟ್ಟಿಗೆ. ಇದು ಅರವತ್ತರ ದಶಕದ ಫಝ್ ಫೇಸ್ ಅನ್ನುವ ಹೆಸರಾಂತ ಪೆಡಲ್‌ನ ಸರ್ಕ್ಯೂಟಿನ ನಕಲು. ಮನೆಯಲ್ಲೇ ಕೂತು ಒಂದೊಂದಾಗಿ ಪೆಡಲ್ ಕಟ್ಟಿ ಮಾರುವವರೊಬ್ಬರಿಂದ ತಗೊಂಡೆ. ಒಳಗೆ ಹಳೇ ಸ್ಟಾಕಿನ, ಜರ್ಮೇನಿಯಂ ಎಂಬ ಧಾತುವಿನಿಂದ ಮಾಡಿದ ಎರಡು ಟ್ರಾನ್ಸಿಸ್ಟರ್ (ಸಿಗ್ನಲ್ ಹಿಗ್ಗಿಸುವ ಬಿಡಿಭಾಗ), ಹೊರಗೆ ಎರಡು ನಾಬ್, ಒಂದು ಸ್ವಿಚ್. ಬೆಲೆ ನನ್ನ ಆಗಿನ ಒಂದು ತಿಂಗಳ ಬಾಡಿಗೆಯಷ್ಟು. ಗಿಟಾರನ್ನು ಹವ್ಯಾಸಕ್ಕೆ ನುಡಿಸುವ ಸಂಬಳದಾರನಿಗೆ ಅದು ಸಣ್ಣ ಮೊತ್ತವಲ್ಲ.

ಆ ದುಡ್ಡಿಗೆ ಸಿಕ್ಕಿದ ಸುಖ ಪೆಡಲ್‌ನ ನಾಬ್‌ಗಳಲ್ಲಿ ಇಲ್ಲ. ಗಿಟಾರಿನ ವಾಲ್ಯೂಮ್ ನಾಬ್‌ನಲ್ಲಿದೆ. ಪೆಡಲ್‌ನ ಫಝ್ ಪೂರ್ತಿ ತಿರುಗಿಸಿ ಬಿಟ್ಟುಬಿಡುತ್ತೇನೆ. ಗಿಟಾರ್ ವಾಲ್ಯೂಮ್ ಹತ್ತರಲ್ಲಿದ್ದಾಗ ಬೆಂಕಿಪೊಟ್ಟಣದಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಕಿರುಬೆರಳಿನಿಂದ ಏಳಕ್ಕೆ ಇಳಿಸಿದರೆ ಆ ಗುಂಯ್ ಹೋಗಿ ಬರೀ ಒರಟು ಉಳಿಯುತ್ತದೆ. ಐದಕ್ಕೆ ಬಂದರೆ ಒರಟೂ ಇಲ್ಲ. ಒಂದೊಂದು ತಂತಿಯೂ ಬೇರೆಬೇರೆಯಾಗಿ, ಹೊಳಪಾಗಿ ಕೇಳುತ್ತದೆ. ಪೆಡಲ್ ಆಫ್ ಮಾಡಿದಾಗಿನ ಕ್ಲೀನ್ ಸದ್ದಿಗಿಂತ ಇದೇ ನನಗೆ ಇಷ್ಟ. ಈ ಸರ್ಕ್ಯೂಟಿನ ಇನ್‌ಪುಟ್ ಇಂಪಿಡೆನ್ಸ್, ಅಂದರೆ ಬರುವ ಸಿಗ್ನಲ್‌ಗೆ ಅದು ಒಡ್ಡುವ ತಡೆ, ತುಂಬಾ ಕಡಿಮೆ. ಹಾಗಾಗಿ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಗಿಟಾರಿನ ಪಿಕಪ್ಪೂ ಅದರ ವಾಲ್ಯೂಮ್ ನಾಬೂ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತವೆ. ಅದಕ್ಕೇ ಗಿಟಾರಿಗೂ ಇದಕ್ಕೂ ನಡುವೆ ಬೇರೆ ಪೆಡಲ್ ಇಡಬಾರದು. ಬಫರ್ (ಗಿಟಾರನ್ನು ಮುಂದಿನ ಪೆಡಲ್‌ನಿಂದ ಬೇರ್ಪಡಿಸುವ ಸರ್ಕ್ಯೂಟ್) ಇರುವ, ಶ್ರುತಿ ನೋಡುವ ಟ್ಯೂನರ್ ಮುಂದೆ ಬಂದರೂ ಸಾಕು, ಸದ್ದು ಚೂಪಾಗಿ ಕಿವಿಗೆ ಚುಚ್ಚುತ್ತದೆ, ವಾಲ್ಯೂಮ್ ಇಳಿಸಿದರೂ ಮೊದಲಿನ ಹಾಗೆ ತಿಳಿಯಾಗುವುದಿಲ್ಲ.

ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿಗಳು ಇದರ ಜೊತೆಗೇ ಕಳೆದವು. ಊಟ ಮುಗಿಸಿ, ಸಣ್ಣ ಆಂಪ್ಲಿಫೈಯರ್ ಹಚ್ಚಿ, ಪೆಡಲನ್ನು ಚಾಪೆಯ ಮೇಲಿಟ್ಟು ಕೇಬಲ್ ಸಿಕ್ಕಿಸುತ್ತಿದ್ದೆ. ಮೊದಲು ದಪ್ಪ ತಂತಿಯನ್ನು ಒಂದೇ ಸಲ ಮೀಟಿ, ಸದ್ದು ತಾನಾಗಿ ಆರುವ ತನಕ ಕೇಳುವುದು. ಆರುವಾಗ ಕೊನೆಯಲ್ಲಿ ಒಂದು ಚೂರು ಬಿರುಕು ಬಿಟ್ಟರೆ ಆವತ್ತು ಎಲ್ಲ ಸರಿಯಿದೆ ಅಂತ ಅರ್ಥ. ಆಮೇಲೇ ಮಿಕ್ಕಿದ್ದು. ನುಡಿಸಿ ಮುಗಿದ ಕೂಡಲೇ ಇನ್‌ಪುಟ್ ಜಾಕ್‌ನಿಂದ ಕೇಬಲ್ ಕೀಳಲೇಬೇಕು, ಬ್ಯಾಟರಿಗೆ ಸ್ವಿಚ್ ಅಂದರೆ ಅದೇ. ಹಾಗೆ ಮಾಡಿದರೆ ಮಲ್ಟಿಮೀಟರಿಗೆ ಹಾಕುವ ಸಾದಾ 9 ವೋಲ್ಟ್ ಬ್ಯಾಟರಿಯೇ ತಿಂಗಳುಗಟ್ಟಲೆ ಬರುತ್ತದೆ. ಇದು ಎಳೆಯುವ ಕರೆಂಟ್ ಅಷ್ಟು ಕಡಿಮೆ.

ಕಲಬುರಗಿಯಲ್ಲಿ ಸಿಕ್ಕ ಮನೆ ಮೇಲಂತಸ್ತಿನದು. ಏಪ್ರಿಲ್ ಬಂತು ಅಂದರೆ ಹಗಲಿಡೀ ಕಾದ ಚಾವಣಿ ರಾತ್ರಿ ಹತ್ತಕ್ಕೂ ಕಾವು ಬಿಡುತ್ತಿರುತ್ತದೆ. ಆ ಕೋಣೆಯಲ್ಲಿ ಇದೇ ಪೆಡಲ್ ಕೈ ಕೊಟ್ಟಿತು. ಮೊದಲು ಸದ್ದು ಮಂಕಾಯಿತು. ಮೇ ಬರುವ ಹೊತ್ತಿಗೆ ಮೀಟಿದ ಸ್ವರ ಏಳುವುದೇ ಇಲ್ಲ. ಜೋರಾಗಿ ಮೀಟಿದರೆ ಪುಸ್ ಅಂತ ಒಂದು ಕ್ಷಣ ಎದ್ದು ಕತ್ತರಿಸಿದಂತೆ ನಿಂತುಬಿಡುತ್ತದೆ. ಗಿಟಾರ್ ವಾಲ್ಯೂಮ್ ಇಳಿಸಿದರೆ ಸದ್ದೇ ಮಾಯ. ನಾನು ದುಡ್ಡು ಕೊಟ್ಟದ್ದೇ ಆ ಇಳಿಸುವ ಸುಖಕ್ಕೆ, ಅಲ್ವಾ? ವರ್ಷಕ್ಕೆ ಮೂರು ತಿಂಗಳು ಅದು ಇಲ್ಲ ಅಂದರೆ ಸಿಟ್ಟು ಬರುತ್ತದೆ.

ಕೆಟ್ಟಿದೆ ಅಂತ ಅಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಸ್ವಲ್ಪ ಸೋರುತ್ತಲೇ ಇರುತ್ತದೆ. ಸೆಕೆ 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. 20 ಡಿಗ್ರಿಯಲ್ಲಿ ಹದ ಮಾಡಿದ್ದನ್ನು 40 ಡಿಗ್ರಿಯಲ್ಲಿ ನುಡಿಸಿದರೆ ಸೋರಿಕೆ ನಾಲ್ಕು ಪಟ್ಟು. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ 4.5 ವೋಲ್ಟ್ ಆಸುಪಾಸು ಇರಬೇಕು. ಮೇ ತಿಂಗಳಲ್ಲಿ ಮೀಟರ್ ಹಿಡಿದರೆ ಅದು ಎಲ್ಲೋ ಸರಿದುಹೋಗಿರುತ್ತದೆ.

ಫಝ್ ಹುಟ್ಟಿದ್ದೇ ಕೆಟ್ಟ ಯಂತ್ರದಿಂದ, ಹಾಗಾಗಿ ಇದೂ ಅದರ ಗುಣವೇ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಕಥೆ ನಿಜ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಗಾಯಕ ಮಾರ್ಟಿ ರಾಬಿನ್ಸ್ ಹಾಡಿನ ರೆಕಾರ್ಡಿಂಗ್ ನಡೆದಿದ್ದಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಒಡೆದ ದನಿಯಲ್ಲಿ ದಾಖಲಾಯಿತು, 1961ರಲ್ಲಿ ಹಾಡು ಹಾಗೆಯೇ ಹೊರಬಂತು. ಆದರೆ ಎಂಜಿನಿಯರ್ ಗ್ಲೆನ್ ಸ್ನಾಡಿ ಆಮೇಲೆ ಮಾಡಿದ್ದು ಏನು? ಆ ಕೆಟ್ಟ ಚಾನೆಲ್ಲಿನ ಸದ್ದನ್ನು ಬೇಕೆಂದಾಗ ತರುವ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ಜೊತೆಗಾರ ರೆವಿಸ್ ಹಾಬ್ಸ್ ಸಂಗಡ ಕಟ್ಟಿದರು. ಅದನ್ನೇ ಗಿಬ್ಸನ್ ಕಂಪನಿ 1962ರಲ್ಲಿ ಮ್ಯಾಸ್ಟ್ರೋ ಫಝ್-ಟೋನ್ ಅಂತ ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು ತುಳಿದಾಗ ಜಗತ್ತೆಲ್ಲ ಕೇಳಿತು. ಕಾಲಲ್ಲಿ ಒತ್ತಿದಾಗ ಕೆಡಬೇಕು, ಇನ್ನೊಮ್ಮೆ ಒತ್ತಿದರೆ ಸರಿಯಾಗಬೇಕು. ಪೆಡಲ್ ಮಾಡಿದ್ದೇ ಅದಕ್ಕೆ. ಸೆಕೆ ನೋಡಿಕೊಂಡು ತನ್ನಿಷ್ಟಕ್ಕೆ ಕೆಡುವುದನ್ನು ಗುಣ ಅನ್ನಲು ನನಗೆ ಮನಸ್ಸಿಲ್ಲ.

ಆರ್ಬಿಟರ್ ಕಂಪನಿ 1966ರಲ್ಲಿ ಫಝ್ ಫೇಸ್ ತಂದದ್ದು ಲಂಡನ್ನಿನಲ್ಲಿ. ಅಲ್ಲಿನ ಹವೆಗೆ ಇದು ಹೊಂದುತ್ತಿತ್ತು ಅನ್ನಿ. ಆದರೂ ಆ ದಶಕ ಮುಗಿಯುವ ಮೊದಲೇ ಅದಕ್ಕೆ ಸಿಲಿಕಾನ್ ಟ್ರಾನ್ಸಿಸ್ಟರ್ ಬಂತು. ಜರ್ಮೇನಿಯಂ ಫಝ್ ಫೇಸ್‌ನಿಂದ ಹೆಸರಾದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೂಡ ಆಮೇಲೆ ಸಿಲಿಕಾನಿನದನ್ನು ಬಳಸಿದರು. ಅದು ಸೆಕೆಗೆ ಅಷ್ಟು ಬಗ್ಗುವುದಿಲ್ಲ. ಸದ್ದು ಜಾಸ್ತಿ ಚುರುಕು, ಜಾಸ್ತಿ ಹರಿತ.

ನನ್ನ ತಕರಾರು ಜರ್ಮೇನಿಯಂ ಮೇಲಲ್ಲ, ಇದನ್ನು ಕಟ್ಟಿದ ರೀತಿಯ ಮೇಲೆ. ಹದ ತಪ್ಪಿದರೆ ಸರಿಮಾಡಲು ಒಳಗೆ ಒಂದು ಟ್ರಿಮ್ ಪಾಟ್, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ನಾಬ್, ಇದೆ. ಆದರೆ ಪೆಟ್ಟಿಗೆಯ ಅಡಿ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಮಾತ್ರ ಕೈಗೆ ಸಿಗುವುದು. ಬೇಸಿಗೆ ಶುರುವಲ್ಲಿ ಒಮ್ಮೆ, ಕಡು ಬೇಸಿಗೆಯಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಮತ್ತೆ ಒಮ್ಮೆ ಬಿಚ್ಚಬೇಕು. ಸ್ಕ್ರೂಗಳ ತಲೆ ಆಗಲೇ ಸವೆಯುತ್ತಿದೆ. ಕಟ್ಟಿದವರಿಗೆ ಬರೆದು ಕೇಳಿದಾಗ ತಣ್ಣಗಿನ ಜಾಗದಲ್ಲಿಡಿ ಅಂದರು. ಕಲಬುರಗಿಯ ಮೇ ತಿಂಗಳಲ್ಲಿ ಆ ಜಾಗ ಎಲ್ಲಿ ಹುಡುಕಲಿ? ಮಾರುವ ಮುನ್ನ ಒಂದು ಸಾಲು ಬರೆದಿದ್ದರೆ ನೋಡಿಯೇ ಕೊಳ್ಳುತ್ತಿದ್ದೆ.

ಟ್ರಿಮ್ ಪಾಟ್ ತಿರುಗಿಸಿ ಮತ್ತೆ 4.5 ವೋಲ್ಟಿಗೆ ತಂದರೆ ಬೇಸಿಗೆಯಲ್ಲೂ ಒಂದು ಮಟ್ಟಕ್ಕೆ ಹಾಡುತ್ತದೆ, ಅದನ್ನು ಹೇಳಲೇಬೇಕು. ಡಿಸೆಂಬರಿನ ಆ ಮೃದುತನ ಬರುವುದಿಲ್ಲ, ಗುಂಯ್ ಬರುತ್ತದೆ. ಕೂಲರ್ ಎದುರು ಸ್ವಲ್ಪ ಹೊತ್ತು ಇಟ್ಟರೆ ಇನ್ನೂ ಸುಧಾರಿಸುತ್ತದೆ. ಆದರೆ ಆ ಗಾಳಿಯಲ್ಲಿ ತೇವ ಇರುತ್ತದೆ, ಜಾಕ್‌ಗಳಿಗೆ ಒಳ್ಳೇದಲ್ಲ ಅಂತ ನಿಲ್ಲಿಸಿದೆ. ಈಗ ಏಪ್ರಿಲ್‌ನಿಂದ ಜೂನ್ ತನಕ ಕಡಿಮೆ ಬೆಲೆಯ ಒಂದು ಸಿಲಿಕಾನ್ ಫಝ್, ಉಳಿದ ತಿಂಗಳು ಇದು.

ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರು ಧೈರ್ಯವಾಗಿ ತಗೊಳ್ಳಿ. ಬಳ್ಳಾರಿ, ರಾಯಚೂರು, ಕಲಬುರಗಿಯವರು ಎಸಿ ಕೋಣೆ ಇದ್ದರೆ ಮಾತ್ರ. ಅಡಾಪ್ಟರ್ ಸಾಕೆಟ್ ಇಲ್ಲ ಅಂತ ಕೆಲವರು ಗೊಣಗುತ್ತಾರೆ, ನನ್ನ ಮಟ್ಟಿಗೆ ಇಲ್ಲದಿದ್ದದ್ದೇ ವಾಸಿ. ಇದು ಪಾಸಿಟಿವ್ ಗ್ರೌಂಡ್ ಸರ್ಕ್ಯೂಟ್, ಅಂದರೆ ಸಾಮಾನ್ಯ ಪೆಡಲ್‌ಗಳಿಗೆ ತಿರುಗುಮುರುಗಾಗಿ ಬ್ಯಾಟರಿಯ ಪ್ಲಸ್ ತುದಿ ಗ್ರೌಂಡಿಗೆ ಸೇರಿದೆ. ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಕಟ್ಟಿದವರು ಇದನ್ನು ಓದುತ್ತಿದ್ದರೆ, ಆ ಟ್ರಿಮ್ ಪಾಟ್ ಬದಲು ಹದ ಸರಿಮಾಡುವ ಒಂದು ಬಯಾಸ್ ನಾಬ್ ಹೊರಗಿಡಿ. ಹಾಗೆ ಮಾಡಿದರೆ ಇನ್ನೊಂದು ನಾನೇ ತಗೋತೀನಿ.