ಆಂಕಿಡ್ರಾಯ್ಡ್: ಇಂಗ್ಲಿಷ್ ಪದಸಂಪತ್ತಿಗೆ ಒಳ್ಳೆಯ ಆ್ಯಪ್, ಸೆಟ್ಟಿಂಗ್ ಬದಲಿಸಿಕೊಂಡರೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಪರೀಕ್ಷೆಗೆ ಓದುವ ಮಂದಿಗೆ ಹೇಳಿ ಮಾಡಿಸಿದ ಆ್ಯಪ್ ಇದು. ಕಲಿಯಬೇಕಾದ್ದನ್ನು ಕಾರ್ಡುಗಳಲ್ಲಿ ಬರೆದಿಟ್ಟರೆ, ಅಂತರ ಬಿಟ್ಟು ಬಿಟ್ಟು ಮತ್ತೆ ತೋರಿಸಿ ನೆನಪಿಸುವ ‘ಆಂಕಿ’ ಎಂಬ ತಂತ್ರಾಂಶದ ಆಂಡ್ರಾಯ್ಡ್ ರೂಪ. ಆಂಡ್ರಾಯ್ಡ್‌ನಲ್ಲಿ ಪೂರ್ತಿ ಉಚಿತ, ಜಾಹೀರಾತಿಲ್ಲ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಐಫೋನಿನ ಆಂಕಿಗೆ ಮಾತ್ರ ದುಡ್ಡು ಕೊಡಬೇಕು.

ದಿನಕ್ಕೆ 20 ಹೊಸ ಕಾರ್ಡ್ ಎಂಬ ಮೂಲ ಸೆಟ್ಟಿಂಗನ್ನು ಮೊದಲು 8ಕ್ಕೆ ಇಳಿಸಿ. ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಪುನರಾವರ್ತನೆ ಗುಡ್ಡೆ ಬೀಳುತ್ತದೆ. ಬಹಳ ಮಂದಿ ಕೈಬಿಡುವುದೇ ಅಲ್ಲಿ. ಸಾವಿರಾರು ಪದಗಳ ಸಿದ್ಧ ಡೆಕ್ (ಕಾರ್ಡುಗಳ ಕಟ್ಟು) ಬೇಡ. ಪತ್ರಿಕೆಯ ಸಂಪಾದಕೀಯದಲ್ಲಿ ಸಿಕ್ಕ ವಾಕ್ಯವನ್ನೇ ‘ಕ್ಲೋಜ್’ ಮಾದರಿಯ ಕಾರ್ಡಿಗೆ ಹಾಕಿ, ಪದವನ್ನು ಮರೆಮಾಡಿ. ಹಿಂಬದಿಯಲ್ಲಿ ಚಿಕ್ಕ ಅರ್ಥ, ಜೊತೆಗೆ ಬರುವ ಪ್ರಿಪೊಸಿಷನ್ ಇರಲಿ. ‘ಮಿಟಿಗೇಟ್’ ನೇರವಾಗಿ ಕರ್ಮಪದ ತೆಗೆದುಕೊಳ್ಳುತ್ತದೆ, ‘ಮಿಲಿಟೇಟ್’ಗೆ ‘ಅಗೇನ್ಸ್ಟ್’ ಬೇಕು; ಬರೀ ಅರ್ಥ ಬರೆದ ಕಾರ್ಡು ಇದನ್ನು ಕಲಿಸುವುದಿಲ್ಲ.

ಕಾರ್ಡಿನ ಉತ್ತರ ಮರೆತಾಗ ‘ಹಾರ್ಡ್’ ಬಟನ್ ಅಲ್ಲ, ‘ಅಗೇನ್’ ಒತ್ತಿ. ‘ಹಾರ್ಡ್’ ಒತ್ತಿದರೆ ತಿಣುಕಿಯಾದರೂ ನೆನಪಾಯಿತೆಂದು ಆ್ಯಪ್ ಲೆಕ್ಕ ಹಿಡಿಯುತ್ತದೆ, ಮತ್ತೆ ತೋರಿಸುವ ಅಂತರ ತಪ್ಪುತ್ತದೆ. 8 ಸಲ ಮರೆತ ಕಾರ್ಡನ್ನು ಆ್ಯಪ್ ತಾನೇ ‘ಲೀಚ್’ ಎಂದು ಗುರುತಿಸುತ್ತದೆ. ಅದಕ್ಕೆ ಬೇರೆ ವಾಕ್ಯ ಹುಡುಕಿ ಹಾಕಿ. ನೋಡಲಿಕ್ಕೆ ಸಪ್ಪೆ, ಮೆನುಗಳೂ ಗೋಜಲು. ಆಂಕಿಯ ಆನ್‌ಲೈನ್ ಸೇವೆಯಾದ ಆಂಕಿವೆಬ್‌ಗೆ ಸಿಂಕ್ ಮಾಡುತ್ತಿರಿ, ಅದಕ್ಕೂ ದುಡ್ಡಿಲ್ಲ.