ಗೋಚುಜಾಂಗ್: ಇದು ಮೆಣಸಿನ ಮಸಾಲೆ ಅಲ್ಲ

ಮಂಗಳೂರು, ಮಣಿಪಾಲದ ಸೂಪರ್ ಮಾರ್ಕೆಟ್‌ಗಳಲ್ಲಿ ಸೋಯಾ ಸಾಸಿನ ಪಕ್ಕ ಕಾಣುವ ಆ ಕೆಂಪು ಪ್ಲಾಸ್ಟಿಕ್ ಡಬ್ಬಿಯ, ಅಂದರೆ ಗೋಚುಜಾಂಗ್ ಎಂಬ ಕೊರಿಯಾದ ಹುದುಗಿಸಿದ ಪೇಸ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇವೆ: ಕೊರಿಯನ್ ಅಡುಗೆ ಮನೆಯಲ್ಲೇ ಮಾಡಿ ನೋಡಬೇಕೆಂದಿದ್ದರೆ ಕೊಳ್ಳಬೇಕಾದ ಮೊದಲ ಸಾಮಾನು ಇದೇ. ಆದರೆ ಬಣ್ಣ ನೋಡಿ ಹೆಚ್ಚಿನವರು ಕಡೆದ ಮೆಣಸಿನ ಮಸಾಲೆ ಅಂದುಕೊಳ್ಳುತ್ತಾರೆ. ಘೀ ರೋಸ್ಟ್ ಮಾಡುವ ಹಾಗೆ ತುಪ್ಪಕ್ಕೆ ಹಾಕಿ ದೊಡ್ಡ ಉರಿಯಲ್ಲಿ ಹುರಿಯುತ್ತಾರೆ. ಎರಡೇ ನಿಮಿಷದಲ್ಲಿ ಅದು ಕರಕಲಾಗಿ ಕಹಿ ಬರುತ್ತದೆ, ಡಬ್ಬಿ ಫ್ರಿಜ್ಜಿನ ಮೂಲೆ ಸೇರುತ್ತದೆ.

ಕಾರಣ ಒಳಗಿರುವ ಸಾಮಗ್ರಿಯಲ್ಲೇ ಉಂಟು. ಮೆಣಸಿನ ಪುಡಿ, ಅಂಟಕ್ಕಿ ಅಥವಾ ಗೋಧಿ, ಹುದುಗಿಸಿದ ಸೋಯಾ, ಉಪ್ಪು, ಜೊತೆಗೆ ಕಾರ್ಖಾನೆಯ ಡಬ್ಬಿಗಳಲ್ಲಿ ಜೋಳದ ಸಿರಪ್. ಪಿಷ್ಟ, ಸಕ್ಕರೆ ಇಷ್ಟಿರುವಾಗ ತಳ ಹಿಡಿಯದೆ ಇರುತ್ತದೆಯೇ? ಚಮಚದಲ್ಲಿ ಎತ್ತಿದರೆ ಹಲಸಿನ ಹಣ್ಣಿನ ಬೆರಟಿಯ ಹಾಗೆ ಹೊಳೆಯುತ್ತಾ, ಎಳೆಯುತ್ತಾ ಬರುತ್ತದೆ. ನಾಲಿಗೆಗೆ ಮೊದಲು ಸಿಹಿ, ಆಮೇಲೆ ಉಪ್ಪು, ಹುದುಗಿದ ಸೋಯಾದ ಗಾಢ ರುಚಿ, ಎಲ್ಲಕ್ಕಿಂತ ಕೊನೆಗೆ ಖಾರ. ಕೊರಿಯಾದ ಮೆಣಸು ನಮ್ಮ ಬ್ಯಾಡಗಿಯ ಹಾಗೆ, ಬಣ್ಣ ಜಾಸ್ತಿ, ಖಾರ ಹದ.

ಮೊದಲ ದಿನ ಒಲೆಗೆ ಇಡಲೇಬೇಡಿ. ಎರಡು ದೊಡ್ಡ ಚಮಚ ಗೋಚುಜಾಂಗ್‌ಗೆ ಒಂದು ಚಮಚ ಎಳ್ಳೆಣ್ಣೆ, ಒಂದು ಸಣ್ಣ ಚಮಚ ವಿನೆಗರ್, ಒಂದು ದೊಡ್ಡ ಚಮಚ ನೀರು ಸೇರಿಸಿ ಕದಡಿ. ಬಿಸಿ ಅನ್ನ, ಬಾಡಿಸಿದ ಹರಿವೆ ಸೊಪ್ಪು, ಹೆಚ್ಚಿದ ಮುಳ್ಳುಸೌತೆ, ಕ್ಯಾರೆಟ್, ಮೇಲೊಂದು ಮೊಟ್ಟೆ, ಅದರ ಮೇಲೆ ಈ ಸಾಸ್. ಇದೇ ಬಿಬಿಂಬಾಪ್. ಕುಚ್ಚಲಕ್ಕಿ ಅನ್ನವೂ ನಡೆಯುತ್ತದೆ. ಕಡಲಕಳೆಯ ಹಾಳೆಯಲ್ಲಿ ಅನ್ನದ ಸುರುಳಿ, ಅಂದರೆ ಕಿಂಬಾಪ್ ಸುತ್ತುವುದಕ್ಕೆ ಮಾತ್ರ ಆಗದು, ಅಗುಳು ಬಿಡಿಬಿಡಿಯಾಗಿ ಉದುರುತ್ತದೆ. ಒಂದು ಮಾತು: ಅಲ್ಲಿಯದು ಹುರಿದ ಎಳ್ಳಿನ ಎಣ್ಣೆ, ನಮ್ಮ ಗಾಣದ ಎಣ್ಣೆ ಹಸಿ ಎಳ್ಳಿನದ್ದು. ಎಳ್ಳು ಹುರಿದು ಜಜ್ಜಿ ಒಂದು ಚಮಚ ಸೇರಿಸಿದರೆ ಆ ಪರಿಮಳ ಬರುತ್ತದೆ.

ಈ ಡಬ್ಬಿ ನಮ್ಮ ಕರಾವಳಿಗೆ ನಿಜವಾಗಿ ಒಗ್ಗುವುದು ಬಂಗುಡೆಯಲ್ಲಿ. ಕೊರಿಯಾದಲ್ಲೂ ಬಂಗುಡೆಯ ಜಾತಿಯ ಮೀನನ್ನೇ ಮೂಲಂಗಿ ಜೊತೆ ಬೇಯಿಸುತ್ತಾರೆ, ಹೆಸರು ಗೊದುಂಗೊ ಜೊರಿಮ್. ನಾಲ್ಕು ಬಂಗುಡೆಗೆ ಕಾಲು ಕಿಲೋ ಮೂಲಂಗಿ ಸಾಕು. ಮೂಲಂಗಿಯನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆ ಮಾಡಿ ಪಾತ್ರೆಯ ತಳಕ್ಕೆ ಹಾಸಿ. ಎರಡು ದೊಡ್ಡ ಚಮಚ ಗೋಚುಜಾಂಗ್, ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಬ್ಯಾಡಗಿ ಪುಡಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿಯನ್ನು ಒಂದೂವರೆ ಕಪ್ ನೀರಿನಲ್ಲಿ ಕದಡಿ ಸುರಿದು ಮುಚ್ಚಿಡಿ. ಹತ್ತು ನಿಮಿಷ ಮೂಲಂಗಿ ಮಾತ್ರ ಬೇಯಲಿ. ಮೀನನ್ನು ಜೊತೆಗೇ ಹಾಕಿದರೆ ಮೂಲಂಗಿ ಬೇಯುವಷ್ಟರಲ್ಲಿ ಮೀನು ಪುಡಿಯಾಗುತ್ತದೆ. ಆಮೇಲೆ ಮೀನು ಇಟ್ಟು ಮತ್ತೆ ಹತ್ತು ನಿಮಿಷ, ನಡುವೆ ರಸವನ್ನು ಚಮಚದಲ್ಲಿ ಮೇಲೆ ಸುರಿಯುತ್ತಿರಿ. ಹುಳಿ ಬೇಡ, ತೆಂಗಿನಕಾಯಿ ಬೇಡ. ಉಪ್ಪು ರುಚಿ ನೋಡಿದ ಮೇಲೆ, ಹೆಚ್ಚಾಗಿ ಬೇಕಾಗುವುದೇ ಇಲ್ಲ. ಇದೇ ಮಸಾಲೆ ಬಳಿದು ಕಾವಲಿಯಲ್ಲಿ ಹುರಿಯಲು ಹೋಗಬೇಡಿ, ಮೀನಿನ ಒಳಗೆ ಬೇಯುವ ಮೊದಲೇ ಹೊರಗೆ ಸೀದುಹೋಗುತ್ತದೆ.

ಕೊರಿಯನ್ ಸೀರಿಯಲ್ ನೋಡಿ ಮಕ್ಕಳು ಕೇಳುವ, ಅಕ್ಕಿ ಹಿಟ್ಟಿನ ತುಂಡುಗಳನ್ನು ಖಾರದ ಸಾಸಿನಲ್ಲಿ ಬೇಯಿಸುವ ತೊಕ್‌ಬೊಕ್ಕಿಗೆ ಪುಂಡಿ ಹಾಕಬಹುದೇ? ಆಗುವುದಿಲ್ಲ. ಪುಂಡಿಯ ತರಿ ಸಾಸಿನಲ್ಲಿ ಕರಗಿ ಗಂಜಿಯಾಗುತ್ತದೆ. ಬೆಳ್ತಿಗೆ ಅಕ್ಕಿಯ ನುಣ್ಣನೆ ಹಿಟ್ಟನ್ನು ಕುದಿ ನೀರಲ್ಲಿ ಕಲಸಿ, ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕೈಗೆ ಎಣ್ಣೆ ಸವರಿಕೊಂಡು ಚೆನ್ನಾಗಿ ನಾದಿ. ಬೆಂದ ಮೇಲೆ ನಾದುವುದೇ ಮುಖ್ಯ, ಅಗಿಯುವ ಗುಣ ಅದರಿಂದ ಬರುತ್ತದೆ. ಬೆರಳು ಗಾತ್ರಕ್ಕೆ ಹೊಸೆದು ತುಂಡು ಮಾಡಿ. ಗೋಚುಜಾಂಗ್ ಕದಡಿ ಇವನ್ನು ಬೇಯಿಸುವ ಸಾರಿಗೆ ಒಣ ಕೊಲ್ಲತರು ಮೀನು ಸಾಕು, ತಲೆ, ಕರುಳು ತೆಗೆಯದಿದ್ದರೆ ಕಹಿ.

ಸಸ್ಯಾಹಾರಿಗಳು ಹಸಿರು ಚುಕ್ಕಿ ನೋಡಿಕೊಂಡು ಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಅಲ್ಲಿಗೇ ನಿಲ್ಲದೆ ಸಾಮಗ್ರಿಯ ಪಟ್ಟಿಯನ್ನೂ ಓದಬೇಕು, ಹಲವು ಡಬ್ಬಿಗಳ ಮೆಣಸಿನ ಮಿಶ್ರಣದಲ್ಲಿ ಎರಡೂ ಇರುತ್ತವೆ. ಕೆಡದಿರಲು ಸ್ವಲ್ಪ ಆಲ್ಕೋಹಾಲ್ ಸೇರಿಸಿದ್ದೂ ಅಲ್ಲೇ ಬರೆದಿರುತ್ತದೆ. ಗೋಧಿ, ಸೋಯಾ ಆಗದವರಿಗೆ ಇದು ಬೇಡವೇ ಬೇಡ. ಪಕ್ಕದಲ್ಲೇ ಇರುವ ಕಿಮ್ಚಿಯಲ್ಲಿ, ಅಂದರೆ ಹುದುಗಿಸಿದ ಎಲೆಕೋಸಿನಲ್ಲಿ, ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸಿಗಡಿ ಇರುವುದು ಸಾಮಾನ್ಯ. ಎಲೆಕೋಸಿನ ಚಿತ್ರ ನಂಬಬೇಡಿ.

ಮೊದಲ ಸಲಕ್ಕೆ 200 ಗ್ರಾಂ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, 500 ಗ್ರಾಂ ಸಣ್ಣ ಸಂಸಾರಕ್ಕೆ ತಿಂಗಳುಗಟ್ಟಲೆ ಬರುತ್ತದೆ. ನಮ್ಮ ಸೆಕೆಗೆ, ಆಟಿಯ ತೇವಕ್ಕೆ ತೆರೆದ ಡಬ್ಬಿಯನ್ನು ಹೊರಗಿಡಬಾರದು. ಒಣ ಚಮಚವೇ ಆಗಬೇಕು. ಮೇಲ್ಪದರ ದಿನ ಹೋದ ಹಾಗೆ ಕಪ್ಪಾದರೆ ತೊಂದರೆಯಿಲ್ಲ, ಬೂಷ್ಟು ಬಂದರೆ ಇಡೀ ಡಬ್ಬಿ ಎಸೆಯಿರಿ.